ಮೂರನೆಯ ಕೂಗಿಗೆ ಓಗೊಡು

ಹೋದ ತಿಂಗಳು ಸಾಗರದ ತಂಗಿಯ ಮನೆಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಆನಂದಪುರ ದಾಟಿತ್ತು. ಬಲತೊಡೆಯ ಮೇಲೆ ಫೋನು ಗುರ್ರ್ ಅಂತು. ಜೇಬಿಗೆ ಕೈ ಹಾಕಿದೆ. ಕರ್ಚೀಫು ಇತ್ತು, ಬಸ್ ಟಿಕೆಟ್ ಇತ್ತು, ಊಟವಾದ ಮೇಲೆ ತಂಗಿ ಕೊಟ್ಟ ಅರ್ಧ ಅಡಿಕೆ ಇತ್ತು. ಫೋನ್ ಇರಲಿಲ್ಲ. ಯಾರೋ ಹೊಡೆದರು ಅಂತ ಎದೆ ಧಸಕ್ಕೆಂದಿತು. ಪಕ್ಕದ ಸೀಟಿನವರ ಫೋನ್ ಇಸಕೊಂಡು ನನ್ನ ನಂಬರಿಗೇ ಮಾಡಿದೆ. ಎತ್ತಿದ್ದು ತಂಗಿ. "ಅಣ್ಣಾ, ಚಾರ್ಜಿಗೆ ಹಾಕಿದ್ದನ್ನ ಇಲ್ಲೇ ಬಿಟ್ಟು ಹೋಗಿದೀಯಲ್ಲ ಮಾರಾಯ!" ಫೋನು ಇದ್ದದ್ದು ಸಾಗರದಲ್ಲಿ, ಅದುರಿದ್ದು ಆನಂದಪುರದ ಆಚೆ, ನನ್ನ ತೊಡೆಯಲ್ಲಿ.

ಇಲ್ಲಿ ಎಷ್ಟು ಜನಕ್ಕೆ ಹೀಗಾಗಿದೆ, ಕೈ ಎತ್ತಿ ನೋಡೋಣ. ಮುಕ್ಕಾಲು ಪಾಲು ಇದೆ. ಎತ್ತದೇ ಇರುವವರಲ್ಲಿ ಹೆಚ್ಚಿನವರು ಫೋನನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಡುವ ಹೆಣ್ಣುಮಕ್ಕಳು. ಅದಕ್ಕೂ ಒಂದು ಕಾರಣ ಇದೆ, ಆಮೇಲೆ ಬರುತ್ತೇನೆ.

ಇದಕ್ಕೆ ಇಂಗ್ಲಿಷಿನಲ್ಲಿ 'ಫ್ಯಾಂಟಮ್ ವೈಬ್ರೇಶನ್ ಸಿಂಡ್ರೋಮ್' ಅಂತ ಭಾರಿ ಹೆಸರಿದೆ. ಆಸ್ಟ್ರೇಲಿಯಾದ ಮ್ಯಾಕ್ವಾರಿ ನಿಘಂಟಿನವರು 2012ರಲ್ಲಿ ಇದನ್ನೇ ವರ್ಷದ ಪದ ಅಂತ ಆರಿಸಿದ್ದರು. ಕನ್ನಡದಲ್ಲಿ ಏನನ್ನೋಣ? ಹುಸಿಬಸಿರು ಅಂತ ಒಂದು ಮಾತು ಮೊದಲಿಂದ ಇದೆಯಲ್ಲ, ಅದರ ಧಾಟಿಯಲ್ಲಿ ನಾನು 'ಹುಸಿ ಅದುರು' ಅಂತ ಕರೆದುಕೊಂಡಿದ್ದೇನೆ. ಸಂಡೂರಿನ ಗೆಳೆಯರೊಬ್ಬರಿಗೆ ಹೇಳಿದರೆ, "ಏನ್ಸಾರ್, ನಮ್ಮ ಕಡೆ ಅದಿರಿನಲ್ಲೂ ಹುಸಿ ಶುರುವಾಯ್ತಾ?" ಅಂದರು. ಇರಲಿ, ಇವತ್ತಿನ ಮಟ್ಟಿಗೆ ಹುಸಿ ಅದುರು ಅಂದರೆ ಫೋನಿನದ್ದು.

ಇದು ನಮ್ಮ ನಿಮ್ಮ ತಲೆಕೆಟ್ಟದ್ದರ ಗುರುತೇನಲ್ಲ. 2010ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಒಂದು ಆಸ್ಪತ್ರೆಯ ವೈದ್ಯರು ತಮ್ಮ ಸಿಬ್ಬಂದಿಯನ್ನೇ ಕೇಳಿ ನೋಡಿದರು. ಉತ್ತರ ಕೊಟ್ಟವರು 176 ಮಂದಿ, ಅವರಲ್ಲಿ ನೂರಕ್ಕೆ 68 ಜನ ಹೌದು ಅಂದರು. 2012ರಲ್ಲಿ ಅಮೆರಿಕದ್ದೇ ಕಾಲೇಜು ಹುಡುಗರನ್ನು ಕೇಳಿದಾಗ ಹತ್ತಿರ ಹತ್ತಿರ 90. ಸರಾಸರಿ ಎರಡು ವಾರಕ್ಕೊಮ್ಮೆ ಆಗುತ್ತೆ, ಆದರೆ ಅದರಿಂದ ತೊಂದರೆ ಇದೆ ಅಂದವರು ಬಹಳ ಕಡಿಮೆ. ಈ ಅಂಕಿಗಳು ನನಗೆ ಅಷ್ಟೇನೂ ರುಚಿಸಲಿಲ್ಲ. ಎಷ್ಟು ಜನಕ್ಕೆ ಆಗುತ್ತೆ ಅನ್ನುವುದಕ್ಕಿಂತ ಯಾವಾಗ ಹೆಚ್ಚಾಗುತ್ತೆ ಅನ್ನೋದು ನನ್ನ ಪ್ರಶ್ನೆ.

ಅದಕ್ಕೆ ಉತ್ತರ ಸಿಕ್ಕಿದ್ದು ತೈವಾನಿನಿಂದ. ಅಲ್ಲಿ ಎಂಬಿಬಿಎಸ್ ಮುಗಿಸುವ ಹೊತ್ತಿನ 74 ಹುಡುಗ ಹುಡುಗಿಯರನ್ನು ಇಂಟರ್ನ್‌ಶಿಪ್ ಶುರುವಾಗುವ ಮೊದಲು ಕೇಳಿದರು, ನಡುನಡುವೆ ಕೇಳಿದರು, ಮುಗಿದು ಎರಡು ವಾರ ಆದ ಮೇಲೂ ಕೇಳಿದರು. ಶುರುವಿಗೆ ಮೊದಲು ಹುಸಿ ಅದುರು ಇದ್ದದ್ದು ನೂರಕ್ಕೆ 78 ಜನಕ್ಕೆ. ಮೂರನೆಯ ತಿಂಗಳಿಗೆ 96. ಅಂದರೆ ಬಿಟ್ಟುಹೋದವರೇ ಇಲ್ಲ ಅನ್ನಿ. ವರ್ಷದ ಕೊನೆಗೆ 81ಕ್ಕೆ ಇಳಿಯಿತು. ಇಂಟರ್ನ್‌ಶಿಪ್ ಮುಗಿದು ಎರಡೇ ವಾರಕ್ಕೆ 50! ಇನ್ನೂ ಸ್ವಾರಸ್ಯ ಹುಸಿ ರಿಂಗಿನದ್ದು, ಅಂದರೆ ಆಗದ ರಿಂಗು ಕೇಳಿಸುವುದು. ಮೊದಲು ನೂರಕ್ಕೆ 27 ಜನಕ್ಕೆ ಮಾತ್ರ ಇತ್ತು. ಮೂರು ತಿಂಗಳಲ್ಲಿ 85 ಆಯಿತು.

ಆ ಹುಡುಗರ ಕಿವಿ ಬದಲಾಗಿರಲಿಲ್ಲ, ಚರ್ಮ ಬದಲಾಗಿರಲಿಲ್ಲ. ಬದಲಾದದ್ದು ಒಂದೇ: ಫೋನ್ ಎತ್ತದಿದ್ದರೆ ಆಗುವ ನಷ್ಟ. ರಾತ್ರಿ ಎರಡು ಗಂಟೆಗೆ ವಾರ್ಡಿನಿಂದ ಬಂದ ಕರೆ ತಪ್ಪಿದರೆ ಒಬ್ಬ ರೋಗಿಯ ಗತಿ ಏನು?

ನಮ್ಮಮ್ಮ ಹನ್ನೊಂದು ದಿನ ಐಸಿಯುನಲ್ಲಿದ್ದಾಗ ನನಗೂ ಇದೇ ಆಗಿತ್ತು. ಕೆಳಗೆ ಕಾಫಿಗೆ ಇಳಿದರೆ ಅದುರು, ಮೆಡಿಕಲ್ ಶಾಪಿನ ಸಾಲಿನಲ್ಲಿ ನಿಂತರೆ ಅದುರು, ಬಚ್ಚಲಲ್ಲಿ ಪಂಚೆ ಉಟ್ಟು ನಿಂತಿದ್ದರೂ ಅದುರು. ದಿನಕ್ಕೆ ಇಪ್ಪತ್ತು ಸಲವಾದರೂ ತೊಡೆ ತಡವಿಕೊಂಡಿದ್ದೇನೆ. ಅಮ್ಮ ಗುಣವಾಗಿ ಮನೆಗೆ ಬಂದರು. ತೊಡೆ ಮಾತ್ರ ಇನ್ನೂ ಹದಿನೈದು ದಿನ ಐಸಿಯು ಬಾಗಿಲಲ್ಲೇ ನಿಂತಿತ್ತು.

ಈಗ ಯಂತ್ರದ ಕಡೆಗೆ ಬರೋಣ. ನಾನು ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡಿದವನು, ಮೋಟಾರಿನ ವಿಷಯ ಬಿಟ್ಟು ಮುಂದೆ ಹೋಗಲಾರೆ. ಹಳೆಯ ಫೋನುಗಳನ್ನು ಬಿಚ್ಚಿದರೆ ಕಡಲೆಕಾಳಿನಷ್ಟು ದಪ್ಪದ ಒಂದು ಮೋಟಾರು ಸಿಗುತ್ತೆ. ಅದರ ತುದಿಗೆ ಅರ್ಧಚಂದ್ರಾಕಾರದ ಒಂದು ಲೋಹದ ತುಂಡು. ಭಾರವೆಲ್ಲ ಒಂದೇ ಕಡೆ ಇರುವುದರಿಂದ ಅದು ಸುತ್ತುವಾಗ ಇಡೀ ಫೋನನ್ನೇ ಕುಲುಕುತ್ತೆ. ಬಟ್ಟೆ ಒಗೆಯುವ ಮೆಶಿನ್ನಿನಲ್ಲಿ ಕಂಬಳಿಯೆಲ್ಲ ಒಂದೇ ಕಡೆ ಸೇರಿಕೊಂಡಾಗ ಮೆಶಿನ್ನು ಹೆಜ್ಜೆ ಹಾಕಿಕೊಂಡು ನಡೆದುಬರುತ್ತಲ್ಲ, ಅದೇ ತತ್ವ. ಮೋಟಾರು ಸುತ್ತುವುದು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು. ಸೆಕೆಂಡಿಗೆ ಲೆಕ್ಕ ಹಾಕಿದರೆ 160, 170 ಸಲದ ಅದುರು.

ಇದನ್ನು ಹಿಡಿಯಲು ನಮ್ಮ ಚರ್ಮದ ಆಳದಲ್ಲಿ ಪುಟ್ಟ ಪುಟ್ಟ ಗೆಡ್ಡೆಗಳಿವೆ. ಒಂದೊಂದೂ ಒಂದು ಮಿಲಿಮೀಟರಿನಷ್ಟು ಉದ್ದ, ಅಡ್ಡ ಕೊಯ್ದರೆ ಥೇಟ್ ಈರುಳ್ಳಿಯ ಪದರ. 1830ರ ದಶಕದಲ್ಲಿ ಇಟಲಿಯ ಫಿಲಿಪ್ಪೊ ಪಚೀನಿ ಅನ್ನುವ ಮೆಡಿಕಲ್ ವಿದ್ಯಾರ್ಥಿ, ಶವವೊಂದರ ಕೈಯನ್ನು ಬಿಡಿಸುವಾಗ ಇವನ್ನು ಬರಿಗಣ್ಣಲ್ಲೇ ಕಂಡ. ಆವರೆಗೆ ಎಷ್ಟೋ ಜನರಿಗೆ ಅದು ಕೊಬ್ಬಿನ ಚೂರಾಗಿ ಕಂಡಿರಬೇಕು. ಸೆಕೆಂಡಿಗೆ 200ರಿಂದ 300 ಸಲದ ಅದುರಿಗೆ ಇವು ಬಹಳ ಚುರುಕು, ಆದರೆ ಅದಕ್ಕಿಂತ ಕೆಳಗಿನದ್ದನ್ನೂ ಬಿಡುವುದಿಲ್ಲ. ಕಷ್ಟ ಏನೆಂದರೆ, ಇವು ಫೋನಿಗೆ ಅಂತ ಹುಟ್ಟಿದವಲ್ಲ. ಪ್ಯಾಂಟು ಸೀಟಿಗೆ ಉಜ್ಜಿದರೂ ಹೇಳುತ್ತವೆ, ಬಸ್ಸಿನ ಇಂಜಿನ್ನು ನಡುಗಿದರೂ ಹೇಳುತ್ತವೆ, ತೊಡೆಯ ಸ್ನಾಯುವಿನ ಎಳೆಯೊಂದು ತಾನಾಗಿ ಮಿಡಿದರೂ ಒಳಗಿನಿಂದ ಸುದ್ದಿ ಹೋಗುತ್ತೆ. ದಿನವಿಡೀ ಇಂಥ ಸಾವಿರ ಚಿಲ್ಲರೆ ಸುದ್ದಿ. ಮೆದುಳು ಅದರಲ್ಲಿ ಯಾವುದನ್ನು 'ಫೋನು' ಅನ್ನಬೇಕು, ಯಾವುದನ್ನು ಕಸಕ್ಕೆ ಹಾಕಬೇಕು ಅಂತ ತೀರ್ಮಾನ ಮಾಡಬೇಕು. ಬ್ಯಾಗಿನಲ್ಲಿ ಫೋನ್ ಇಡುವವರ ತೊಡೆಗೆ ಇಂಥ ಪಾಠವೇ ಆಗಿಲ್ಲ. ಅದಕ್ಕೇ ಅವರು ಕೈ ಎತ್ತಲಿಲ್ಲ. ಅಮೆರಿಕದ ಆ ಆಸ್ಪತ್ರೆಯಲ್ಲೂ ಫೋನೋ ಪೇಜರೋ ಎದೆಯ ಜೇಬಿನಲ್ಲಿ ಇಟ್ಟುಕೊಳ್ಳುವವರಿಗೆ ಇದು ಹೆಚ್ಚಿತ್ತು.

ತೀರ್ಮಾನದ ಈ ಕೆಲಸವನ್ನು ನಾನು ನೋಡಿದ್ದು ಚಿಕ್ಕವನಿದ್ದಾಗ, ನಮ್ಮೂರ ಗದ್ದೆಯ ಮಾಳದಲ್ಲಿ. ಭತ್ತ ಹಾಲುದುಂಬುವ ಕಾಲಕ್ಕೆ ಹಂದಿ ಕಾಯಲು ರಾತ್ರಿ ಮಾಳ ಹತ್ತುತ್ತಿದ್ದರು. ತರಗೆಲೆ ಸರಕ್ಕೆಂದರೆ ಸಾಕು, ಕಾವಲಿನವನು ಹೋ ಅಂತ ಕೂಗಿ ಡಬ್ಬ ಬಡಿಯುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಹಂದಿ ಇರುತ್ತಿರಲಿಲ್ಲ. ಬರೀ ಗಾಳಿ, ಇಲ್ಲದಿದ್ದರೆ ಒಂದು ಇಲಿ. ಯಾರೂ ಅವನನ್ನು ಬೈಯುತ್ತಿರಲಿಲ್ಲ. ಸುಮ್ಮನೆ ಕೂಗಿದರೆ ಹೋಗುವುದು ಗಂಟಲು, ಕೂಗದೇ ಇದ್ದು ಹಂದಿ ಬಂದರೆ ಹೋಗುವುದು ವರ್ಷದ ಅನ್ನ. ಅಂಥ ಲೆಕ್ಕದಲ್ಲಿ ಜಾಣ ಕಾವಲುಗಾರ ಸುಳ್ಳು ಕೂಗನ್ನು ಹೆಚ್ಚು ಮಾಡಲೇಬೇಕು.

ಎರಡನೇ ಮಹಾಯುದ್ಧದಲ್ಲಿ ರೇಡಾರಿನ ಮುಂದೆ ಕೂತವರದ್ದೂ ಇದೇ ಪಾಡು. ಪರದೆಯ ಮೇಲೆ ಮಿಣಕ್ ಅಂದದ್ದು ವಿಮಾನವೋ, ಬರೀ ಗದ್ದಲವೋ? ಆ ಪ್ರಶ್ನೆಯಿಂದ ಬೆಳೆದ ಲೆಕ್ಕಾಚಾರವನ್ನು 1954ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಸಿದ್ಧಾಂತ ಮಾಡಿದರು. ಅದರ ತಿರುಳು ಇಷ್ಟೆ: ನಿಮ್ಮ ಸೂಕ್ಷ್ಮತೆ ಒಂದು, ನೀವು 'ಹೌದು' ಅನ್ನಲು ಇಟ್ಟುಕೊಂಡ ಗೆರೆ ಇನ್ನೊಂದು. ಕಿವಿ ಎಷ್ಟೇ ಚೆನ್ನಾಗಿರಲಿ, ಗೆರೆ ಕೆಳಗಿಟ್ಟರೆ ಹುಸಿ ಹೆಚ್ಚು, ಮೇಲಿಟ್ಟರೆ ನಿಜವೇ ತಪ್ಪಿಹೋಗುತ್ತೆ. ಎರಡೂ ಸೊನ್ನೆ ಆಗುವಂಥ ಗೆರೆ ಇಲ್ಲ.

ನಮ್ಮಜ್ಜಿ ಈ ಸಿದ್ಧಾಂತವನ್ನು ಒಂದೇ ಮಾತಲ್ಲಿ ಹೇಳುತ್ತಿದ್ದರು. ರಾತ್ರಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಬೇಡ, ಮೂರನೆಯದಕ್ಕೆ ಮಾತ್ರ 'ಆಂ' ಅನ್ನಬೇಕು. ದೆವ್ವ ಮೂರು ಸಲ ಕರೆಯೋದಿಲ್ಲವಂತೆ! 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಮನೆಯವರದ್ದೇ ದನಿಯಲ್ಲಿ ಕರೆಯುವ ದೆವ್ವ, ಬಾಗಿಲ ಮೇಲಿನ ಬರಹ ಓದಿ ಮರಳಿ ಹೋಗುತ್ತಂತೆ. ಓದು ಬರಹ ಕಲಿತ ದೆವ್ವ, ಅಷ್ಟರ ಮಟ್ಟಿಗೆ ನಮ್ಮ ಸಾಕ್ಷರತಾ ಆಂದೋಲನ ಗೆದ್ದಿತ್ತು. ತಮಾಷೆ ಬಿಡಿ, ದೆವ್ವವನ್ನು ತೆಗೆದು ನೋಡಿದರೆ ಅಜ್ಜಿಯ ನಿಯಮದಲ್ಲಿ ಉಳಿಯುವುದು ಶುದ್ಧ ವಿಜ್ಞಾನ. ರಾತ್ರಿ ಜೀರುಂಡೆ, ಗಾಳಿ, ಹಳ್ಳದ ಸದ್ದು ಸೇರಿ ಯಾರೋ ಕರೆದ ಹಾಗೆ ಆಗುವುದು ಸಹಜ. ಆದರೆ ಅದೇ ಹುಸಿ ಒಂದರ ಹಿಂದೊಂದು ಮೂರು ಸಲ ಆಗುವುದು ಅಪರೂಪ.

ಗಾಳಿಯ ಸದ್ದಿನಲ್ಲಿ ಮಾತು ಕೇಳಿಸುವುದನ್ನು ನೆದರ್ಲೆಂಡ್ಸಿನಲ್ಲಿ 2001ರಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. 44 ವಿದ್ಯಾರ್ಥಿಗಳಿಗೆ ಕಿವಿಗೆ ಹೆಡ್‌ಫೋನ್ ಹಾಕಿ, ಫ್ಯಾನಿನ ಸದ್ದಿನಂಥ ಬರೀ 'ಶ್‌ಶ್' ಕೇಳಿಸಿದರು. ಇದರ ಅಡಿಯಲ್ಲಿ ಒಂದು ಪ್ರಸಿದ್ಧ ಕ್ರಿಸ್ಮಸ್ ಹಾಡು ಸಣ್ಣಗೆ ಇರಬಹುದು, ಕೇಳಿದರೆ ಬಟನ್ ಒತ್ತಿ ಅಂದರು. ಹಾಡು ಇರಲೇ ಇಲ್ಲ. 14 ಜನ ಬಟನ್ ಒತ್ತಿದರು. ಬಾಣಂತಿಯರನ್ನು ಕೇಳಿ, ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುವಾಗ ಮಗು ಅತ್ತ ಹಾಗೆ ಕೇಳದವರು ಯಾರಿದ್ದಾರೆ?

ಮೈ ಮಿಡಿದದ್ದಕ್ಕೆ ಅರ್ಥ ಹಚ್ಚುವುದು ನಮಗೆ ಹೊಸದೂ ಅಲ್ಲ. ಕಣ್ಣು ಅದುರಿದರೆ ಶುಭವೋ ಅಶುಭವೋ ಅಂತ ಗಂಡಸರಿಗೊಂದು, ಹೆಂಗಸರಿಗೊಂದು ಪಟ್ಟಿಯೇ ಇದೆ. ಬಲಗಣ್ಣು, ಎಡಭುಜ, ತೊಡೆ, ಎಲ್ಲದಕ್ಕೂ ಫಲ ಹೇಳಿದವರಿದ್ದಾರೆ. ನಿದ್ದೆಗೆಟ್ಟಾಗ, ಕಾಫಿ ಜಾಸ್ತಿಯಾದಾಗ ರೆಪ್ಪೆಯ ಸ್ನಾಯು ಹಾಗೆ ಮಿಡಿಯುತ್ತೆ. ಆಗ ಯಾರೋ ನೆಂಟರು ಬರ್ತಾರೆ ಅನ್ನುತ್ತಿದ್ದೆವು, ಈಗ ಯಾರೋ ಮೆಸೇಜ್ ಕಳಿಸಿದರು ಅನ್ನುತ್ತೇವೆ.

ಇಷ್ಟು ಹೊತ್ತು ಹುಸಿಯ ಮಾತಾಯಿತು. ಈಗ ಒಂದು ಸಣ್ಣ ಪ್ರಯೋಗ ಮಾಡೋಣ. ದಯವಿಟ್ಟು ಯಾರಾದರೂ ಫ್ಯಾನುಗಳನ್ನೆಲ್ಲ ಆರಿಸಿ. ಅರ್ಧ ನಿಮಿಷ ಯಾರೂ ಮಾತಾಡುವುದು ಬೇಡ.

(ಫ್ಯಾನುಗಳು ನಿಂತವು. ಸಭೆ ಸುಮ್ಮನಾಯಿತು.)

ಕೇಳಿಸಿತಾ? ಆ ಮೂಲೆಯ ಹಳೇ ಟ್ಯೂಬ್‌ಲೈಟಿನ ಚೋಕು. ಇಷ್ಟು ಹೊತ್ತೂ ಅದು ಹಾಡುತ್ತಲೇ ಇತ್ತು, ಫ್ಯಾನಿನ ಸದ್ದು ಅದನ್ನು ಮುಚ್ಚಿತ್ತು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಆದರೆ ಚೋಕು, ಟ್ರಾನ್ಸ್‌ಫಾರ್ಮರು ಗುಂಯ್‌ಗುಡುವುದು 100ರ ಶ್ರುತಿಯಲ್ಲಿ. ಯಾಕೆಂದರೆ ಒಳಗಿನ ಕಬ್ಬಿಣದ ತಗಡುಗಳು ಕಾಂತಕ್ಕೆ ಸಿಕ್ಕಾಗ ಕೂದಲೆಳೆಯ ಒಂದು ಸಣ್ಣ ಪಾಲಿನಷ್ಟು ಹಿಗ್ಗಿ ಕುಗ್ಗುತ್ತವೆ. ಕಾಂತ ಆ ಕಡೆ ತಿರುಗಿದರೂ ಒಂದು ಸಲ, ಈ ಕಡೆ ತಿರುಗಿದರೂ ಒಂದು ಸಲ. ಹಾಗಾಗಿ ಎರಡು ಪಟ್ಟು. ಕಬ್ಬಿಣದ ಈ ಗುಣವನ್ನು 1842ರಲ್ಲೇ ಜೂಲ್ ಕಂಡಿದ್ದ, ಶಾಖದ ಲೆಕ್ಕದಲ್ಲಿ ನಾವು ಹೆಸರು ಓದುತ್ತೇವಲ್ಲ, ಅದೇ ಜೂಲ್. ಅಮೆರಿಕದಲ್ಲಿ ಕರೆಂಟು 60 ಆವರ್ತದ್ದು, ಅಲ್ಲಿಯ ಗುಂಯ್ 120. ಅಲ್ಲಿಗೆ ಹೋದ ನಮ್ಮ ಮಕ್ಕಳಿಗೆ ಕರೆಂಟಿನ ಶ್ರುತಿಯೂ ಒಂದೂವರೆ ಮನೆ ಏರಿರುತ್ತೆ, ಹಾರ್ಮೋನಿಯಂ ಬಲ್ಲವರು ಬೇಕಾದರೆ ನುಡಿಸಿ ನೋಡಿ.

ಲೋಡ್ ಶೆಡ್ಡಿಂಗಿನ ಕಾಲದಲ್ಲಿ ಕರೆಂಟು ಹೋದ ತಕ್ಷಣ ಮನೆ ಒಮ್ಮೆ ನಿಟ್ಟುಸಿರು ಬಿಟ್ಟ ಹಾಗಾಗುತ್ತಿತ್ತು, ನೆನಪಿದೆಯಾ? ಫ್ರಿಜ್ಜು, ಚೋಕು, ಸ್ಟೆಬಿಲೈಸರು ಎಲ್ಲ ಒಟ್ಟಿಗೆ ಬಾಯಿ ಮುಚ್ಚಿದಾಗಲೇ ಅವು ಕೂಗುತ್ತಿದ್ದವು ಅಂತ ಗೊತ್ತಾಗುತ್ತಿದ್ದದ್ದು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಎರಡು ವರ್ಷದ ಹಿಂದಿನ ಏಪ್ರಿಲ್ಲು. ನಮ್ಮ ಮನೆಯವರು ಬೆಳಗ್ಗೆ ಎದ್ದು, "ರೀ, ರಾತ್ರಿಯಿಡೀ ಏನೋ ಗುಂಯ್ ಅಂತಿರುತ್ತೆ, ನಿದ್ದೇನೇ ಇಲ್ಲ" ಅಂದರು. ನಾನು ಗೊರಕೆಯ ಕಾರಣಕ್ಕೆ ಹಾಲಿನ ದಿವಾನಕ್ಕೆ ಗಡಿಪಾರಾದವನು. ಆ ರಾತ್ರಿ ರೂಮಿಗೆ ಹೋಗಿ ಮಂಚದ ಪಕ್ಕ ನಿಂತು ಕೇಳಿದೆ. ಏನೂ ಇಲ್ಲ. ಆದರೂ ಎಲೆಕ್ಟ್ರಿಕಲ್ ಮೇಷ್ಟ್ರಲ್ಲವೇ? ಶಾಸ್ತ್ರೋಕ್ತವಾಗಿ ಮೇನ್ ಸ್ವಿಚ್ ತೆಗೆದೆ. ಯುಪಿಎಸ್ ಕೂಡ ಆರಿಸಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಮೇನ್ ತೆಗೆದರೆ ಯುಪಿಎಸ್ ಇನ್ನೂ ಜೋರಾಗಿ ಗುಂಯ್‌ಗುಡಲು ಶುರುಮಾಡುತ್ತೆ, ಅದರ ಕರೆಂಟಿನಲ್ಲಿ ಓಡುವ ಫ್ಯಾನೂ ದನಿಗೂಡಿಸುತ್ತೆ. ಎಲ್ಲ ಆರಿಸಿ, ಕತ್ತಲಲ್ಲಿ "ಈಗ?" ಅಂದೆ. ಮಂಚದಿಂದ ಉತ್ತರ ಬಂತು: "ಈಗಲೂ ಇದೆ."

ನಾನು ತೀರ್ಪು ಕೊಟ್ಟುಬಿಟ್ಟೆ. ಮನೆಯಲ್ಲಿ ಕರೆಂಟೇ ಇಲ್ಲ, ಆದರೂ ಸದ್ದಿದೆ ಅಂದರೆ ಅದು ನಿನ್ನ ಕಿವಿಯೊಳಗಿನದ್ದು ಅಂತ. ನೋಡಿ, ಎಂಥ ಕುರುಡು ತರ್ಕ. ಆ ಪರೀಕ್ಷೆ ಹೇಳಿದ್ದು ಸದ್ದು ನಮ್ಮ ಮೀಟರಿನದ್ದಲ್ಲ ಅಂತ ಮಾತ್ರ. ನಮ್ಮ ಮೀಟರಿನ ಆಚೆಗೂ ಜಗತ್ತು ಇದೆ ಅನ್ನೋದು ಮೂವತ್ತು ವರ್ಷ ಪಾಠ ಮಾಡಿದವನಿಗೆ ಹೊಳೆಯಲಿಲ್ಲ.

ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಪೀಂ ಪೀಂ ಕೇಳಿಸಿ ನೋಡಿದರು. ಅವರ ಕಿವಿ ಪರಿಶುದ್ಧ. ಬಂದದ್ದು ಬಂದಿದೀರಿ ಅಂತ ನನ್ನದನ್ನೂ ನೋಡಿದರು, ಮೇಲಿನ ಶ್ರುತಿಗಳೆಲ್ಲ ಇಳಿಜಾರು. ಬರುವಾಗ ಆಟೋದಲ್ಲಿ ನಮ್ಮ ಮನೆಯವರು ಒಂದೂ ಮಾತಾಡಲಿಲ್ಲ, ಕಿಟಕಿ ಕಡೆ ತಿರುಗಿ ನಗುತ್ತಿದ್ದರು ಅಂತ ನನ್ನ ಗುಮಾನಿ.

ಆದರೆ ಒಂದು ಮಾತು. ವಯಸ್ಸಿಗೆ ಹೋಗುವುದು ಸಾಮಾನ್ಯವಾಗಿ ಮೇಲಿನ ಶ್ರುತಿ, ಹಕ್ಕಿಯ ದನಿ, ಕುಕ್ಕರಿನ ಸಣ್ಣ ಸೀಟಿ, ಮೊಮ್ಮಕ್ಕಳ 'ಸ', 'ಶ'. ಗುಂಯ್ ಅನ್ನುವಂಥ ತಗ್ಗು ಶ್ರುತಿ ನನಗೂ ಕೇಳಿಸಬೇಕಿತ್ತು. ಮತ್ತೆ ಯಾಕೆ ಕೇಳಲಿಲ್ಲ? ಆ ರಾತ್ರಿ ಹೆಂಡತಿಯ ದಿಂಬಿಗೇ ತಲೆ ಕೊಟ್ಟು ಮಲಗಿದೆ. ಕೇಳಿಸಿತು! ಎದ್ದು ಮಂಚದ ಪಕ್ಕ, ದಿನಾ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಮಾಯ. ರೂಮಿನ ನಟ್ಟನಡುವೆ ಬಂದೆ, ಮತ್ತೆ ಗುಂಯ್. ಇನ್ನೂ ಮೂರಡಿ ಮುಂದೆ ಹೋದರೆ ಮತ್ತೆ ಇಲ್ಲ. ಎದುರು ಗೋಡೆಗೆ ಕಿವಿ ಹತ್ತಿರ ತಂದರೆ ಮತ್ತೆ ಇದೆ. ಮಧ್ಯರಾತ್ರಿ ಬನಿಯನ್ನು ಪಂಚೆಯಲ್ಲಿ ಕತ್ತು ಮುಂದೆ ಚಾಚಿಕೊಂಡು ಕೊಕ್ಕರೆಯ ಹಾಗೆ ರೂಮು ಅಳೆಯುತ್ತಿದ್ದ ನನ್ನನ್ನು ನೋಡಿ, ನಮ್ಮ ಮನೆಯವರು ಈ ಬಾರಿ ಬೇರೆ ಡಾಕ್ಟರ ಹತ್ತಿರ ಹೋಗಬೇಕಾ ಅಂತ ಕೇಳಿದರು.

ಲೆಕ್ಕ ಹೀಗಿದೆ. ಗಾಳಿಯಲ್ಲಿ ಸದ್ದಿನ ವೇಗ ಬೇಸಿಗೆಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರು. 100 ಆವರ್ತದ ಸದ್ದಿನ ಒಂದು ಅಲೆ ಮೂರೂವರೆ ಮೀಟರಿಗೆ ಸ್ವಲ್ಪ ಕಡಿಮೆ, ಅಂದರೆ ಹನ್ನೊಂದಡಿ ಚಿಲ್ಲರೆ. ನಮ್ಮ ರೂಮು ಗೋಡೆಯಿಂದ ಗೋಡೆಗೆ ಎಷ್ಟಿದೆ? ಹನ್ನೊಂದಡಿ ಚಿಲ್ಲರೆ. ಒಂದು ಇಡೀ ಅಲೆ ಗೋಡೆಗಳ ನಡುವೆ ಸರಿಯಾಗಿ ಕೂತುಬಿಡುತ್ತೆ. ಆಗ ಎರಡು ಗೋಡೆಯ ಹತ್ತಿರವೂ ನಡುವೆಯೂ ಸದ್ದು ಜೋರು, ಕಾಲು ಭಾಗದ ಜಾಗದಲ್ಲಿ, ಅಂದರೆ ಗೋಡೆಯಿಂದ ಮೂರಡಿಯ ಹತ್ತಿರ, ಸದ್ದಿಗೆ ಸೊನ್ನೆ. ಮಲಗಿದವರ ತಲೆ ಗೋಡೆಗೆ, ಪರೀಕ್ಷೆಗೆ ಬಂದ ಮೇಷ್ಟ್ರ ತಲೆ ಮೂರಡಿಗೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದೆವು.

ಮಿಕ್ಕದ್ದು ಸುಲಭ. ನಮ್ಮದು ಹಿಂದೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆ, ಎರಡು ಮನೆಗೆ ನಡುವೆ ಒಂದೇ ಗೋಡೆ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಗೋಡೆಗಿಟ್ಟು ಹಿಡಿಯನ್ನು ಕಿವಿಯ ಎಲುಬಿಗೆ ಒತ್ತಿದೆ. ಗ್ಯಾರೇಜಿನವರು ಇಂಜಿನ್ನಿನ ಬೇರಿಂಗ್ ಹೋಗಿದೆಯಾ ಅಂತ ನೋಡುವುದು ಹೀಗೇ. ಗೋಡೆ ಜೇನುಗೂಡಿನಂತೆ ಮೊರೆಯುತ್ತಿತ್ತು. ಬೆಳಗ್ಗೆ ಪಕ್ಕದ ಮನೆಗೆ ಹೋದರೆ, ಅವರು ಆ ಬೇಸಿಗೆಗೆ ಹೊಸದಾಗಿ ಏಸಿ ಹಾಕಿಸಿದ್ದರು. ಅದರ ಸ್ಟೆಬಿಲೈಸರನ್ನು ನಾಲ್ಕು ಸ್ಕ್ರೂ ಬಿಗಿದು ಕೂರಿಸಿದ್ದು ನಮ್ಮಿಬ್ಬರ ನಡುವಿನ ಗೋಡೆಗೆ. ರಾತ್ರಿ ಮಲಗುವಾಗ ಹಾಕುತ್ತಿದ್ದರು, ಬೆಳಗ್ಗೆ ಆರಿಸುತ್ತಿದ್ದರು. ಸೈಕಲ್ಲಿನ ಹಳೇ ಟ್ಯೂಬ್ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಸ್ಕ್ರೂಗಳ ಹಿಂದೆ ಇಟ್ಟು ಮತ್ತೆ ಕೂರಿಸಿದೆವು. ಖರ್ಚು ಸೊನ್ನೆ, ಮೇಲಿಂದ ಒಂದು ಲೋಟ ಕಾಫಿ.

ಎಲ್ಲ ಗುಂಯ್ ಇಷ್ಟು ಬೇಗ ಸಿಗುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಸಲಿಟೊ ಅಂತ ಊರಿದೆ, ಜನ ದೋಣಿಮನೆಗಳಲ್ಲಿ ವಾಸ ಮಾಡುತ್ತಾರೆ. 1980ರ ದಶಕದಲ್ಲಿ ಬೇಸಿಗೆ ಬಂತೆಂದರೆ ರಾತ್ರಿಯೆಲ್ಲ ಮನೆಯ ತಳ ಗುಂಯ್‌ಗುಡುತ್ತಿತ್ತು. ಕೊಳಚೆ ನೀರಿನ ಪಂಪು ಅಂದರು, ಮಿಲಿಟರಿಯವರ ಕೆಲಸ ಅಂದರು. ಕೊನೆಗೆ ಸಿಕ್ಕಿದ್ದು ಒಂದು ಮೀನು. ಮಿಡ್‌ಶಿಪ್‌ಮನ್ ಅಂತ ಅದರ ಹೆಸರು. ಗಂಡು ತನ್ನ ಗಾಳಿಚೀಲವನ್ನು ಸ್ನಾಯುಗಳಿಂದ ಬಡಿದು ಹೆಣ್ಣನ್ನು ಕರೆಯುತ್ತೆ, ಗಂಟೆಗಟ್ಟಲೆ. ಶ್ರುತಿ? ಹೆಚ್ಚುಕಡಿಮೆ ನಮ್ಮ ಪಕ್ಕದ ಮನೆಯ ಸ್ಟೆಬಿಲೈಸರಿನದ್ದೇ! ಕೆನಡಾದ ವಿಂಡ್ಸರ್ ಊರಿನವರು 2011ರಿಂದ ಇಂಥದೇ ಮೊರೆತಕ್ಕೆ ಬೇಸತ್ತಿದ್ದರು. ಹೊಳೆಯಾಚೆ ಅಮೆರಿಕದ ಜಗ್ ದ್ವೀಪದ ಉಕ್ಕಿನ ಕಾರ್ಖಾನೆಯ ಮೇಲೆ ಗುಮಾನಿ ಇತ್ತು. 2020ರಲ್ಲಿ ಅಲ್ಲಿಯ ಕುಲುಮೆ ಆರಿದಾಗ ಮೊರೆತವೂ ನಿಂತಿತು. ನ್ಯೂ ಮೆಕ್ಸಿಕೊದ ತಾವೋಸ್ ಊರಿನಲ್ಲಿ ಮಾತ್ರ 1990ರ ದಶಕದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ಉಪಕರಣ ಹೊತ್ತು ಹೋದರೂ ಏನೂ ಸಿಗಲಿಲ್ಲ. ಆ ಸದ್ದು ಕೇಳುತ್ತಿದ್ದದ್ದು ನೂರಕ್ಕೆ ಇಬ್ಬರಿಗೆ ಮಾತ್ರ.

ನಮ್ಮ ಮನೆಗಳಲ್ಲಿ ಮೀನಿಲ್ಲ, ಹುಳುಗಳಿವೆ. ಕಿಟಕಿಯ ಸಂದಿಯಲ್ಲೋ ಬಳಸದ ಪ್ಲಗ್ ಪಾಯಿಂಟಿನ ತೂತಿನಲ್ಲೋ ಮಣ್ಣಿನ ಗೂಡು ಕಟ್ಟುವ ಕಣಜ ಕೆಲಸ ಮಾಡುವಾಗ ಜೀಂಯ್ ಅಂತಿರುತ್ತೆ, ಒಂದೆರಡು ನಿಮಿಷ ಮಾತ್ರ. ಆಮೇಲೆ ಮಣ್ಣು ತರಲು ಹೋಗುತ್ತೆ. ನೀವು ಹುಡುಕಲು ಬಂದಾಗ ಇರುವುದಿಲ್ಲ. ಮಾಡಿನ ಬಿದಿರು, ಮರದ ತೊಲೆ ಕೊರೆಯುವ ಕಪ್ಪು ದುಂಬಿಯದ್ದೂ ಅಷ್ಟೆ. ಹಗಲು ಮಾತ್ರ, ಅದೂ ಬಿಟ್ಟು ಬಿಟ್ಟು ಬಂದರೆ ಹುಳುವನ್ನು ನೆನೆಯಿರಿ. ಎಡೆಬಿಡದೆ ಒಂದೇ ಶ್ರುತಿಯಲ್ಲಿದ್ದರೆ ಕರೆಂಟು. ಶುರುವಾಗಿ ಹತ್ತಿಪ್ಪತ್ತು ನಿಮಿಷಕ್ಕೆ ನಿಂತರೆ ಫ್ರಿಜ್ಜೋ ಮೋಟಾರೋ. ಫ್ರಿಜ್ಜಾದರೆ ಮೇಲಿಟ್ಟ ಸ್ಟೀಲ್ ಡಬ್ಬಗಳನ್ನು ಮೊದಲು ಕೆಳಗಿಳಿಸಿ.

ಇನ್ನು ಕಿವಿಯದ್ದೇ ಸದ್ದು. 1953ರಲ್ಲಿ ಅಮೆರಿಕದ ಇಬ್ಬರು, ಕಿವಿ ಚೆನ್ನಾಗಿರುವ 80 ಜನರನ್ನು ಸದ್ದೇ ಹೊಗದ ಕೋಣೆಯಲ್ಲಿ ಐದು ನಿಮಿಷ ಕೂರಿಸಿ, ಏನು ಕೇಳಿತು ಅಂದರು. ನೂರಕ್ಕೆ 94 ಜನ ಏನೋ ಒಂದು ಸದ್ದು ಹೇಳಿದರು, ಗುಂಯ್, ಜೀಂಯ್, ಸುಂಯ್. ಸಂಪೂರ್ಣ ನಿಶ್ಶಬ್ದದಲ್ಲಿ ಬಹುಪಾಲು ನಮ್ಮೆಲ್ಲರ ಕಿವಿಯೂ ಹಾಡುತ್ತೆ. ನಮ್ಮ ಹಳೆಯ ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಸುಶ್ರುತ ಸಂಹಿತೆಯ 28 ಕಿವಿ ರೋಗಗಳಲ್ಲಿ ಇದೂ ಇದೆ. ಮಾಧವನಿದಾನ ಅನ್ನುವ ಹಳೆಯ ವೈದ್ಯಗ್ರಂಥದಲ್ಲಿ ಕರ್ಣನಾದ ಅಂದರೆ ಭೇರಿ, ಮೃದಂಗ, ಶಂಖದ ದನಿ ಕೇಳುವುದು ಅಂತ ವಿವರಣೆ. ಕೊಳಲಿನಂಥ ದನಿಗೆ ಕರ್ಣಕ್ಷ್ವೇಡ ಅಂತ ಬೇರೆ ಹೆಸರೇ ಇಟ್ಟಿದ್ದಾರೆ. ಮಲೆನಾಡಿನವರು ಡಾಕ್ಟರ ಮುಂದೆ ಕೂತು ಭೇರಿ ಶಂಖ ಅನ್ನುವುದಿಲ್ಲ, 'ಜೀರುಂಡೆ ಕೂಗಿದ ಹಾಗೆ' ಅನ್ನುತ್ತಾರೆ. ನನ್ನ ಸೋದರಮಾವ ಬೆಂಗಳೂರಿಗೆ ಮಗನ ಫ್ಲ್ಯಾಟಿಗೆ ಹೋದವರು, ಐದನೇ ಮಹಡಿಯಲ್ಲೂ ಎಷ್ಟು ಜೀರುಂಡೆ ಅಂತ ಮೂರು ತಿಂಗಳು ಖುಷಿಯಾಗಿದ್ದರು.

ಒಳಗಿನದೋ ಹೊರಗಿನದೋ ಅಂತ ತಿಳಿಯಲು, ಎರಡೂ ಕಿವಿಗೆ ಬೆರಳು ಒತ್ತಿ ನೋಡಿ. ಸದ್ದು ತಗ್ಗಿದರೆ ಹೊರಗಿನದು. ಹಾಗೇ ಉಳಿದರೆ ಅಥವಾ ಇನ್ನೂ ಎದ್ದು ಕೇಳಿದರೆ ಒಳಗಿನದು ಅನ್ನುವ ಸಂಶಯಕ್ಕೆ ದಾರಿ. ನೆಂಟರ ಮನೆಯಲ್ಲಿ ಒಂದು ರಾತ್ರಿ ಮಲಗಿ ಬನ್ನಿ, ಅಲ್ಲಿಗೂ ಜೊತೆಗೆ ಬಂದರೆ ಗೋಡೆಯನ್ನು ದೂರಬೇಡಿ. ಬಹಳ ಸಲ ಗುಗ್ಗೆ ತುಂಬಿರುತ್ತೆ, ಅಷ್ಟೆ. ಅದಕ್ಕೆ ಬಿಸಿ ಎಣ್ಣೆ, ಪಿನ್ನು, ಬೆಂಕಿಕಡ್ಡಿ ಬೇಡ. ಆದರೆ ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಯ ಜೊತೆ ಧಕ್ ಧಕ್ ಅಂತ ಬಡಿದರೆ, ತಲೆಸುತ್ತು ಬಂದರೆ ಡಾಕ್ಟರಿಗೆ ತೋರಿಸಲೇಬೇಕು. ಇದ್ದಕ್ಕಿದ್ದಂತೆ ಒಂದು ಕಿವಿ ಮಂದವಾದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಹೋಗಿ. ಆ ವಿಷಯದಲ್ಲಿ ಅಜ್ಜಿಯ ಮೂರು ಕೂಗಿನ ನಿಯಮ ಸಲ್ಲುವುದಿಲ್ಲ.

ಹುಸಿ ಅದುರಿಗೆ ಏನು ಮಾಡೋದು ಅಂತ ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ತೊಂದರೆ ಇಲ್ಲದಿದ್ದರೆ ಏನೂ ಮಾಡುವುದು ಬೇಡ. ಕಿರಿಕಿರಿಯಾದರೆ ವೈಬ್ರೇಶನ್ ತೆಗೆದು ರಿಂಗ್ ಇಡಿ, ಇಲ್ಲವೇ ಜೇಬು ಬದಲಾಯಿಸಿ. ಆನಂದಪುರದ ಪ್ರಸಂಗ ಆದ ಮೇಲೆ ನಾನು ಫೋನನ್ನು ಎಡಜೇಬಿಗೆ ಹಾಕಿಕೊಂಡೆ. ಎರಡು ವಾರದಲ್ಲಿ ಬಲತೊಡೆ ಸುಮ್ಮನಾಯಿತು. ಮೊನ್ನೆಯಿಂದ ಎಡತೊಡೆ ಶುರುಮಾಡಿದೆ.